ಒಂದು ಹಗಲು, ಮೂರು ಪರೀಕ್ಷೆ, ಒಂದೇ ಕುದುರೆ

ಕುದುರೆ ಎಂದೊಡನೆ ಮೈಸೂರು ಸೀಮೆಯವರ ಕಣ್ಣಿಗೆ ಕಟ್ಟುವುದು ಎರಡು ಚಿತ್ರ. ಒಂದು, ವಿಜಯದಶಮಿಯ ಜಂಬೂ ಸವಾರಿಯಲ್ಲಿ ಸಾಲು ತಪ್ಪದೆ ಸಾಗುವ ಅಶ್ವಾರೋಹಿ ಪೊಲೀಸ್ ಪಡೆ. ಇನ್ನೊಂದು, ಚಾಮುಂಡಿ ಬೆಟ್ಟದ ತಪ್ಪಲಿನ ರೇಸ್‌ಕೋರ್ಸು. ನಂಜನಗೂಡು ರಸ್ತೆಯ ಕಡಕೊಳದಂಥ ಊರಿನವರಿಗೆ ಇವೆರಡೂ ಒಂದು ಬಸ್ಸು ಹತ್ತಿದರೆ ತಲುಪುವಷ್ಟು ಹತ್ತಿರ. ಮೊದಲನೆಯ ಕಡೆ ಕುದುರೆಗೆ ಬೇಕಾದುದು ತಾಳ್ಮೆ, ಶಿಸ್ತು. ಎರಡನೆಯ ಕಡೆ ಬೇಕಾದುದು ಬರೀ ಓಟ. ಈ ಎರಡನ್ನೂ, ಅದರ ಮೇಲೆ ಅಡೆತಡೆ ಹಾರುವ ಎದೆಗಾರಿಕೆಯನ್ನೂ, ಒಂದೇ ಕುದುರೆಯಿಂದ ಒಂದೇ ಹಗಲಿನಲ್ಲಿ ಕೇಳುವ ಆಟವೊಂದಿದೆ. ಅದರ ಹೆಸರು ಈವೆಂಟಿಂಗ್.

ನಮ್ಮಲ್ಲಿ ಬಹಳ ಜನ ಈ ಹೆಸರನ್ನು ಮೊದಲು ಕೇಳಿದ್ದು 2018ರ ಆಗಸ್ಟ್‌ನಲ್ಲಿ. ಇಂಡೊನೇಷ್ಯಾದ ಜಕಾರ್ತದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ವೈಯಕ್ತಿಕ ಬೆಳ್ಳಿ ಪದಕ ಗೆದ್ದರು. ರಾಕೇಶ್ ಕುಮಾರ್, ಆಶಿಶ್ ಮಲಿಕ್, ಜಿತೇಂದರ್ ಸಿಂಗ್ ಅವರೊಡನೆ ಸೇರಿ ತಂಡದ ಬೆಳ್ಳಿಯನ್ನೂ ಗೆದ್ದರು. 1982ರ ದೆಹಲಿ ಏಷ್ಯಾಡ್‌ನಲ್ಲಿ ರಘುಬೀರ್ ಸಿಂಗ್ ಇದೇ ಆಟದಲ್ಲಿ ಚಿನ್ನ ಗೆದ್ದಿದ್ದರು. ಆಮೇಲೆ 36 ವರ್ಷ ಅಶ್ವಸವಾರಿಯಲ್ಲಿ ಭಾರತೀಯರಾರಿಗೂ ಏಷ್ಯಾಡ್‌ನ ವೈಯಕ್ತಿಕ ಪದಕ ಬಂದಿರಲಿಲ್ಲ.

ಆ ಬೆಳ್ಳಿಯ ಹಿಂದೆ ಒಂದು ಸಣ್ಣ ಕಥೆಯಿದೆ. ಮೂರು ಹಂತಗಳ ಪೈಕಿ ಎರಡು ಮುಗಿದಾಗ ಮಿರ್ಜಾ ಮತ್ತು ಅವರ ಕುದುರೆ ಸೆನ್ಯೋರ್ ಮೆಡಿಕಾಟ್ 22.40 ಅಂಕಗಳೊಂದಿಗೆ ಮೊದಲ ಸ್ಥಾನದಲ್ಲಿದ್ದರು. ಜಪಾನಿನ ಯೋಶಿಯಾಕಿ ಓಯಿವಾ 22.70ರಲ್ಲಿದ್ದರು. ಕೊನೆಯ ಹಂತದ ಜಿಗಿತದಲ್ಲಿ ಮಿರ್ಜಾ ಲೆಕ್ಕಕ್ಕೆ ನಾಲ್ಕು ದಂಡದ ಅಂಕ ಸೇರಿತು. ನಾಲ್ಕು ಅಂಕವೆಂದರೆ ತಡೆಯ ಮೇಲಿನ ಒಂದೇ ಒಂದು ಕೋಲು ಬಿದ್ದದ್ದರ ಬೆಲೆ. 22.40 ಹೋಗಿ 26.40 ಆಯಿತು. ಚಿನ್ನ ಜಪಾನಿಗೆ ಹೋಯಿತು.

ಅಂಕ ಹೆಚ್ಚಾದರೆ ಸೋಲೇ ಎಂದು ಓದುಗರು ಕೇಳಬಹುದು. ಹೌದು, ಈ ಆಟದ ಲೆಕ್ಕವೇ ತಿರುವು ಮುರುವು. ಇಲ್ಲಿ ಯಾರೂ ಅಂಕ ಗಳಿಸುವುದಿಲ್ಲ, ತಪ್ಪುಗಳನ್ನು ಕೂಡಿಹಾಕುತ್ತಾರೆ. ಕಡಿಮೆ ತಪ್ಪಿನವನೇ ವಿಜೇತ.

ಬೆಳಗಿನ ಪರೀಕ್ಷೆ: ಶಿಸ್ತು

ಒಲಿಂಪಿಕ್ಸ್‌ನಂಥ ದೊಡ್ಡ ಕೂಟಗಳಲ್ಲಿ ಈ ಸ್ಪರ್ಧೆಯನ್ನು ಮೂರು ನಾಲ್ಕು ದಿನಗಳಿಗೆ ಹಂಚುತ್ತಾರೆ. ಆದರೆ ಪ್ರಪಂಚದ ಎಲ್ಲ ಕಡೆ ಹೊಸ ಸವಾರರು ಮತ್ತು ಎಳೆಯ ಕುದುರೆಗಳು ಪಳಗುವುದು ಒಂದು ದಿನದ ಸ್ಪರ್ಧೆಗಳಲ್ಲಿ. ಅಲ್ಲಿ ಬೆಳಿಗ್ಗೆ ಡ್ರೆಸಾಜ್, ಆಮೇಲೆ ಶೋ ಜಂಪಿಂಗ್, ಕೊನೆಗೆ ಕ್ರಾಸ್‌ಕಂಟ್ರಿ ಎಂಬುದು ವಾಡಿಕೆಯ ಕ್ರಮ.

ಡ್ರೆಸಾಜ್ ಎಂಬುದು ಕುದುರೆಯ ಕವಾಯತು. ಸುತ್ತ ಅಕ್ಷರಗಳ ಗುರುತು ಇಟ್ಟ ಆಯತಾಕಾರದ ಅಂಗಳದಲ್ಲಿ, ಮೊದಲೇ ನಿಗದಿಯಾದ ಕ್ರಮದಲ್ಲಿ, ಕುದುರೆ ನಡೆಯಬೇಕು, ಟ್ರಾಟ್ ಹಾಕಬೇಕು, ಕ್ಯಾಂಟರ್ ಹಾಕಬೇಕು, ವೃತ್ತ ಬರೆದಂತೆ ತಿರುಗಬೇಕು, ನಿಲ್ಲೆಂದಲ್ಲಿ ಕಂಬದಂತೆ ನಿಲ್ಲಬೇಕು. ತೀರ್ಪುಗಾರರು ಪ್ರತಿ ಚಲನೆಗೂ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುತ್ತಾರೆ. ಅದರ ಶೇಕಡಾವಾರು ತೆಗೆದು ನೂರರಿಂದ ಕಳೆದರೆ ಉಳಿಯುವುದೇ ದಂಡದ ಅಂಕ. ಶೇ. 72 ಪಡೆದ ಜೋಡಿ 28 ಅಂಕದ ಸಾಲ ಹೊತ್ತು ಮುಂದಿನ ಹಂತಕ್ಕೆ ಹೋಗುತ್ತದೆ.

ನೋಡುವವರಿಗೆ ಇದು ಸಪ್ಪೆಯಾಗಿ ಕಾಣಬಹುದು. ಆದರೆ ಕಷ್ಟ ಇರುವುದೇ ಇಲ್ಲಿ. ಮಧ್ಯಾಹ್ನದ ನಾಗಾಲೋಟಕ್ಕೆಂದು ಹುರಿಗೊಳಿಸಿದ ಮೈ, ಉಕ್ಕುವ ರಕ್ತ. ಅಂಥ ಕುದುರೆ ಬೆಳಿಗ್ಗೆ ಕಿವಿ ನಿಮಿರಿಸಿಕೊಂಡು, ಬಾಲ ಬೀಸದೆ, ಸವಾರನ ಕಾಲಿನ ಸಣ್ಣ ಒತ್ತಡಕ್ಕೆ ಓಗೊಡಬೇಕು. ಪೈಲ್ವಾನನನ್ನು ಕುಸ್ತಿಗೆ ಮುಂಚೆ ಕೂರಿಸಿ ಅಂದವಾಗಿ ಕಾಪಿ ಬರೆ ಎಂದಂತೆ.

ಬೀಳುವ ಕೋಲು

ಎರಡನೆಯದು ಶೋ ಜಂಪಿಂಗ್. ಬಣ್ಣ ಬಳಿದ ಕೋಲುಗಳನ್ನು ಎರಡು ಕಂಬಗಳ ನಡುವೆ ಆಳವಿಲ್ಲದ ಬಟ್ಟಲುಗಳ ಮೇಲೆ ಸುಮ್ಮನೆ ಇಟ್ಟಿರುತ್ತಾರೆ. ಗೊರಸು ತಾಕಿದರೆ ಸಾಕು, ಉರುಳುತ್ತವೆ. ಕೋಲೊಂದಕ್ಕೆ ನಾಲ್ಕು ಅಂಕ. ನಿಗದಿತ ಸಮಯ ಮೀರಿದರೆ ಸೆಕೆಂಡಿಗೆ 0.4 ಅಂಕ.

ಇಲ್ಲಿ ಕುದುರೆಯ ಕಣ್ಣಿನ ರಚನೆಯನ್ನು ನೆನಪಿಟ್ಟುಕೊಳ್ಳಬೇಕು. ಅದರ ಕಣ್ಣುಗಳಿರುವುದು ತಲೆಯ ಎರಡು ಪಕ್ಕಗಳಲ್ಲಿ. ಹುಲ್ಲು ಮೇಯುತ್ತಲೇ ಸುತ್ತಲ ಶತ್ರುವನ್ನು ಕಾಣಲು ಪ್ರಕೃತಿ ಮಾಡಿದ ಏರ್ಪಾಡು ಅದು. ಆದರೆ ಹಣೆಯ ನೇರಕ್ಕೆ, ಮೂಗಿನ ಕೆಳಗೆ, ಕುದುರೆಗೆ ಕಾಣದ ಒಂದು ಜಾಗವಿದೆ. ತಡೆಯ ತೀರ ಹತ್ತಿರ ಬಂದಾಗ, ಅಂದರೆ ನೆಲ ಬಿಟ್ಟು ಏಳುವ ಆ ಕ್ಷಣದಲ್ಲಿ, ತಾನು ಹಾರಬೇಕಾದ ಕೋಲೇ ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಬಣ್ಣಗಳ ವಿಷಯದಲ್ಲೂ ಹಾಗೆಯೇ. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆ, ಕುದುರೆಯ ಕಣ್ಣಿನಲ್ಲಿ ಎರಡೇ ಬಗೆ. ಹಸಿರು ಹುಲ್ಲಿನ ಮೇಲಿನ ಕೆಂಪು ಕೋಲು ನಮಗೆ ಕಂಡಷ್ಟು ಎದ್ದು ಅದಕ್ಕೆ ಕಾಣದು. ದೂರದಿಂದ ಅಳೆದು ನೆನಪಿಟ್ಟುಕೊಂಡ ಎತ್ತರವನ್ನು ಅದು ನಂಬಿಕೆಯ ಮೇಲೆ ಹಾರುತ್ತದೆ.

ಬೀಳದ ಬೇಲಿ

ಮೂರನೆಯದು ಎಲ್ಲರೂ ಕಾಯುವ ಕ್ರಾಸ್‌ಕಂಟ್ರಿ. ಬಯಲು, ಏರು, ಇಳಿಜಾರು, ನೀರಿನ ಹೊಂಡ, ಕಂದಕ, ಮರದ ದಿಮ್ಮಿ, ದಟ್ಟ ಪೊದೆ. ಹೊಸಬರ ಮಟ್ಟದಲ್ಲಿ ತಡೆಗಳು ಒಂದು ಮೀಟರಿಗಿಂತ ಕಡಿಮೆ, ಉನ್ನತ ಮಟ್ಟದಲ್ಲಿ ಗಟ್ಟಿ ಭಾಗವೇ 1.20 ಮೀಟರ್‌ವರೆಗೆ. ಕೋಲಿನಂತೆ ಇವು ಉರುಳಿ ಬೀಳುವುದಿಲ್ಲ. ತಡೆ ಬೀಳದಿದ್ದರೆ ಬೀಳಬೇಕಾದವರು ಕುದುರೆ ಮತ್ತು ಸವಾರ. ಸವಾರ ಬಿದ್ದರೆ ಸ್ಪರ್ಧೆ ಅಲ್ಲಿಗೇ ಮುಗಿಯಿತು. ಕುದುರೆ ಮೊದಲ ಸಲ ಹಾರಲು ಒಪ್ಪದಿದ್ದರೆ 20 ಅಂಕ, ಅದೇ ತಡೆಗೆ ಎರಡನೆಯ ಸಲವೂ ಒಪ್ಪದಿದ್ದರೆ ಮತ್ತೆ 40.

ಸ್ಪರ್ಧೆಗೆ ಮುಂಚೆ ಸವಾರರು ಈ ದಾರಿಯನ್ನು ನಡೆದು ನೋಡುತ್ತಾರೆ. ಹೆಜ್ಜೆ ಎಣಿಸುತ್ತಾರೆ, ನೆಲ ಒತ್ತಿ ನೋಡುತ್ತಾರೆ, ಮಧ್ಯಾಹ್ನ ಬಿಸಿಲು ಯಾವ ಕಡೆಯಿಂದ ಬೀಳುತ್ತದೆಂದು ಲೆಕ್ಕ ಹಾಕುತ್ತಾರೆ. ಕುದುರೆಗೆ ಆ ಅವಕಾಶವಿಲ್ಲ. ಪ್ರತಿ ತಡೆಯನ್ನೂ ಅದು ಮೊದಲ ಸಲ ನೋಡುವುದು ಓಡುತ್ತಿರುವಾಗಲೇ. ಹೊಂಡದ ನೀರಿನ ಆಳ ಅದಕ್ಕೆ ಗೊತ್ತಿಲ್ಲ. ಬೆನ್ನ ಮೇಲಿರುವವನು ಸುಳ್ಳು ಹೇಳಲಾರನೆಂದು ನಂಬಿ ಧುಮುಕುತ್ತದೆ.

ಇದು ರೇಸು ಕೂಡ ಅಲ್ಲ. ದಾರಿಯ ಉದ್ದ ಮತ್ತು ವೇಗದಿಂದ ಲೆಕ್ಕ ಹಾಕಿದ ಒಂದು ಆದರ್ಶ ಸಮಯವಿರುತ್ತದೆ. ಅದಕ್ಕಿಂತ ಬೇಗ ಬಂದವನಿಗೆ ಬಹುಮಾನವೇನೂ ಇಲ್ಲ. ತಡವಾದರೆ ಮಾತ್ರ ಸೆಕೆಂಡಿಗೆ 0.4 ದಂಡ.

ಟೋಕಿಯೊ ಒಲಿಂಪಿಕ್ಸ್ ನಡೆದದ್ದು 2021ರಲ್ಲಿ. ಅಲ್ಲಿಯ ಕ್ರಾಸ್‌ಕಂಟ್ರಿ ದಾರಿ 4,420 ಮೀಟರ್, ವೇಗ ನಿಮಿಷಕ್ಕೆ 570 ಮೀಟರ್. ಭಾಗಿಸಿದರೆ 7 ನಿಮಿಷ 45 ಸೆಕೆಂಡು. ಕಡಕೊಳದಿಂದ ಹೊರಟು ಹೆದ್ದಾರಿಯ ನಾಲ್ಕು ಕಿಲೋಮೀಟರ್ ಕಲ್ಲು ದಾಟಿ ಇನ್ನೂ ಅರ್ಧದಷ್ಟು ದೂರವನ್ನು, ದಾರಿಯುದ್ದಕ್ಕೂ ಬೇಲಿ, ಹಳ್ಳ ಹಾರುತ್ತ, ಗಂಟೆಗೆ 34 ಕಿ.ಮೀ. ವೇಗದಲ್ಲಿ ಮುಗಿಸಿದಂತೆ. ಡ್ರೆಸಾಜ್‌ನಲ್ಲಿ 28 ಅಂಕಕ್ಕೆ ಒಂಬತ್ತನೆಯ ಸ್ಥಾನದಲ್ಲಿದ್ದ ಮಿರ್ಜಾ ಇಲ್ಲಿ 28 ಸೆಕೆಂಡು ತಡವಾದರು, 11.20 ಅಂಕ ಸೇರಿತು. ಮೊದಲ ಸುತ್ತಿನ ಜಿಗಿತದಲ್ಲಿ 8, ಅಂತಿಮ ಸುತ್ತಿನಲ್ಲಿ 12.40. ಒಟ್ಟು 59.60, ಸ್ಥಾನ 23. ಒಲಿಂಪಿಕ್ಸ್‌ನ ಅಂತಿಮ ಸುತ್ತಿಗೆ ಹೋಗುವುದು 25 ಮಂದಿ ಮಾತ್ರ. ಇದೇ ಆಟದಲ್ಲಿ ಅವರಿಗಿಂತ ಮುಂಚೆ ಭಾರತದಿಂದ ಹೋದವರಲ್ಲಿ 1996ರ ಅಟ್ಲಾಂಟಾಕ್ಕೆ ಹೋದ ಇಂದ್ರಜಿತ್ ಲಾಂಬಾ, 2000ದ ಸಿಡ್ನಿಗೆ ಹೋದ ಇಮ್ತಿಯಾಜ್ ಅನೀಸ್ ಸೇರಿದ್ದಾರೆ.

ಚರ್ಮದೊಳಗಿನ ಯಂತ್ರ

ಇಷ್ಟೆಲ್ಲ ಮಾಡುವ ಪ್ರಾಣಿಯ ಒಳಗೆ ಏನಿದೆ? ಲಾಯದಲ್ಲಿ ಸುಮ್ಮನೆ ನಿಂತ ಕುದುರೆಯ ಹೃದಯ ನಿಮಿಷಕ್ಕೆ 30ರಿಂದ 40 ಸಲ ಬಡಿಯುತ್ತದೆ. ನಾಗಾಲೋಟದಲ್ಲಿ ಅದು 200 ದಾಟುತ್ತದೆ. ಅದರ ಗುಲ್ಮ ಒಂದು ರಕ್ತದ ಉಗ್ರಾಣ. ಓಟ ಶುರುವಾದೊಡನೆ ಅದು ಕುಗ್ಗಿ, ಕೂಡಿಟ್ಟ ಕೆಂಪು ರಕ್ತಕಣಗಳನ್ನು ರಕ್ತನಾಳಗಳಿಗೆ ಸುರಿಯುತ್ತದೆ. ಆಮ್ಲಜನಕ ಹೊರುವ ಶಕ್ತಿ ಒಮ್ಮೆಲೇ ಏರುತ್ತದೆ. ಉಸಿರಾಟ ಮೂಗಿನಿಂದಲೇ ಆಗಬೇಕು, ಬಾಯಿಯಿಂದ ಉಸಿರಾಡುವುದು ಕುದುರೆಗೆ ಸಾಧ್ಯವಿಲ್ಲ. ನಾಗಾಲೋಟದಲ್ಲಿ ಒಂದು ನೆಗೆತಕ್ಕೆ ಒಂದೇ ಉಸಿರು, ತಾಳ ತಪ್ಪುವಂತಿಲ್ಲ.

ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಶಾಖವಾಗುತ್ತದೆ. ಅರ್ಧ ಟನ್ನಿನ ಮೈಯಲ್ಲಿ ಹುಟ್ಟುವ ಆ ಶಾಖ ಬೆವರಿನ ಮೂಲಕ ಹೊರಬೀಳಬೇಕು. ಸೆಕೆಯ ದಿನ, ಗಾಳಿಯಲ್ಲಿ ತೇವ ಹೆಚ್ಚಿದ್ದರೆ, ಬೆವರು ಆರುವುದಿಲ್ಲ. ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮುಂಚೆ ಪಶುವೈದ್ಯ ವಿಜ್ಞಾನಿಗಳು ಇದನ್ನೇ ಕೂಲಂಕಷವಾಗಿ ಪರೀಕ್ಷಿಸಿದರು. ಓಡಿ ಬಂದ ಕುದುರೆಯ ಮೈಮೇಲೆ ತಣ್ಣೀರು ಸುರಿಯಬಾರದೆಂಬ ಹಳೆಯ ನಂಬಿಕೆ ಸರಿಯಲ್ಲವೆಂದು ತಿಳಿದುಬಂತು. ಧಾರಾಳವಾಗಿ ತಣ್ಣೀರು ಸುರಿಯುವುದೇ ಅದಕ್ಕೆ ರಕ್ಷೆ. ನಮ್ಮ ಬೇಸಿಗೆಯಲ್ಲಿ ಕುದುರೆ ಸಾಕುವ ಯಾರಿಗಾದರೂ ಉಪಯೋಗಕ್ಕೆ ಬರುವ ಮಾತು ಇದು.

ಎಲ್ಲಕ್ಕಿಂತ ನಾಜೂಕಾದದ್ದು ಕಾಲು. ಮುಂಗಾಲಿನ ಮಂಡಿಯ ಕೆಳಗೆ ಮಾಂಸಖಂಡವೇ ಇಲ್ಲವೆನ್ನಬಹುದು. ಅಲ್ಲಿರುವುದು ಎಲುಬು, ಸ್ನಾಯುರಜ್ಜು, ಅಸ್ಥಿರಜ್ಜು. ಪ್ರತಿ ನೆಗೆತದಲ್ಲೂ ಒಂದು ಮುಂಗಾಲಿನ ಮೇಲೆ ಇಡೀ ದೇಹದ ತೂಕದ ಎರಡು ಪಟ್ಟಿಗೂ ಹೆಚ್ಚಿನ ಬಲ ಬೀಳುತ್ತದೆ. ರಜ್ಜು ಸ್ಪ್ರಿಂಗಿನಂತೆ ಹಿಗ್ಗಿ ಕುಗ್ಗುತ್ತದೆ, ಹರಿಯುವ ಮಿತಿಯ ಹತ್ತಿರದಲ್ಲೇ ಕೆಲಸ ಮಾಡುತ್ತದೆ. ಹರಿದರೆ, ಅಲ್ಲಿ ರಕ್ತಸಂಚಾರ ಕಡಿಮೆಯಾದ್ದರಿಂದ, ಕೂಡಲು ಬಹಳ ತಿಂಗಳು ಬೇಕು. ಕೆಲವೊಮ್ಮೆ ಕೂಡುವುದೇ ಇಲ್ಲ.

ಸೈನಿಕರಿಂದ ಬಂದ ಆಟ

ಇಂಥ ಕಠಿಣ ಪರೀಕ್ಷೆಯನ್ನು ಯಾರು ಏಕೆ ಹುಟ್ಟುಹಾಕಿದರು? ಉತ್ತರ ಅಶ್ವದಳದಲ್ಲಿದೆ. ಸೈನ್ಯದ ಕುದುರೆ ಕವಾಯತಿನಲ್ಲಿ ಅಚ್ಚುಕಟ್ಟಾಗಿರಬೇಕು, ಸುದ್ದಿ ಹೊತ್ತು ಕಾಡುಮೇಡು ದಾಟಬೇಕು, ಅದಾದ ಮೇಲೂ ಮತ್ತೆ ಕೆಲಸಕ್ಕೆ ಒದಗಬೇಕು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ಗೆ ಈ ಆಟ ಬಂದಾಗ ಭಾಗವಹಿಸಿದವರೆಲ್ಲ ಸೇನಾಧಿಕಾರಿಗಳು. ಹೆಂಗಸರಿಗೆ ಒಲಿಂಪಿಕ್ಸ್‌ನಲ್ಲಿ ಅವಕಾಶ ಸಿಕ್ಕಿದ್ದು 1964ರಲ್ಲಿ. ಇಂದು ಇಲ್ಲಿ ಗಂಡು ಹೆಣ್ಣೆಂಬ ಪ್ರತ್ಯೇಕ ವಿಭಾಗವೇ ಇಲ್ಲ, ಎಲ್ಲರೂ ಒಂದೇ ಪಟ್ಟಿಯಲ್ಲಿ ಸ್ಪರ್ಧಿಸುತ್ತಾರೆ.

ಅಶ್ವದಳದ ಪರಂಪರೆ ನಮಗೆ ಹೊಸದಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ವಶಪಡಿಸಿಕೊಂಡ ಸವಾರರಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಪಡೆಯವರೂ ಇದ್ದರು. ಕುಣಿಗಲ್ಲಿನ ಕುದುರೆ ಫಾರಂ ಹೈದರ್, ಟಿಪ್ಪು ಕಾಲದಷ್ಟು ಹಳೆಯದು. ಆದರೆ ಈವೆಂಟಿಂಗ್ ಮಾತ್ರ ಬಹುಕಾಲ ಸೇನೆಯವರ ಸೊತ್ತಾಗಿ ಉಳಿಯಿತು. ಮಿರ್ಜಾ ಸೇನೆಯವರಲ್ಲ, ಕುದುರೆಗಳ ವೈದ್ಯರೊಬ್ಬರ ಮಗ. 1996ರಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಆರಂಭವಾದ ಎಂಬಸಿ ಇಂಟರ್‌ನ್ಯಾಷನಲ್ ರೈಡಿಂಗ್ ಸ್ಕೂಲ್ ಅವರ ಬೆನ್ನಿಗೆ ನಿಂತಿತು. ಹಾಗಿದ್ದೂ ಪದಕಕ್ಕಾಗಿ ಅವರು ವರ್ಷಗಟ್ಟಲೆ ಜರ್ಮನಿಯಲ್ಲಿದ್ದು ಕಲಿಯಬೇಕಾಯಿತು.

ಇದಕ್ಕೆ ಹಣವೊಂದೇ ಕಾರಣವಲ್ಲ. ಕುದುರೆಗಳ ಸಾಂಕ್ರಾಮಿಕ ರೋಗಗಳ ಭಯದಿಂದ ನಮ್ಮ ದೇಶದ ಕುದುರೆಗಳನ್ನು ಯುರೋಪಿನ ಸ್ಪರ್ಧೆಗಳಿಗೆ ನೇರವಾಗಿ ಒಯ್ಯುವುದು ದುಸ್ತರವಾಗಿತ್ತು. ಆದ್ದರಿಂದ ಸವಾರ ಭಾರತದವನಾದರೂ ಕುದುರೆ ಅಲ್ಲಿಯದೇ ಆಗಬೇಕಿತ್ತು. 2025ರ ಜುಲೈನಲ್ಲಿ ಮೀರತ್‌ನ ಸೇನಾ ಪಶುವೈದ್ಯ ಕೇಂದ್ರದಲ್ಲಿರುವ ರೋಗಮುಕ್ತ ಕುದುರೆ ವಲಯಕ್ಕೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ಸಿಕ್ಕಿತು. ಇಲ್ಲಿಯೇ ಪಳಗಿದ ಕುದುರೆ ಹೊರದೇಶದಲ್ಲಿ ಸ್ಪರ್ಧಿಸಲು ತೆರೆದ ಮೊದಲ ಬಾಗಿಲು ಅದು.

ಕುದುರೆ ಹೇಳಲಾರದ ಮಾತು

ಆಟದ ಹೊಗಳಿಕೆಯ ಜೊತೆಗೆ ಇನ್ನೊಂದು ಮುಖವನ್ನೂ ಹೇಳಬೇಕು. ಟೋಕಿಯೊದ ಅದೇ ಕ್ರಾಸ್‌ಕಂಟ್ರಿಯಲ್ಲಿ ಸ್ವಿಟ್ಜರ್‌ಲೆಂಡಿನ ಜೆಟ್ ಸೆಟ್ ಎಂಬ ಕುದುರೆ ಕೊನೆಯ ಭಾಗದಲ್ಲಿ ಕುಂಟತೊಡಗಿತು. ಗೊರಸಿನ ಮೇಲಿನ ಅಸ್ಥಿರಜ್ಜು ಹರಿದಿತ್ತು. ಗುಣವಾಗುವಂತಿರಲಿಲ್ಲ. ನರಳಿಸುವುದು ಬೇಡವೆಂದು ಅದಕ್ಕೆ ದಯಾಮರಣ ಕೊಟ್ಟರು.

ಮನುಷ್ಯ ಆಟಗಾರನಿಗೆ ನೋವಾದರೆ ಅವನು ಕೈ ಎತ್ತಿ ಹೊರಗೆ ಬರಬಹುದು. ಕುದುರೆಗೆ ಆ ಭಾಷೆಯಿಲ್ಲ. ಹಿಂಡಿನಲ್ಲಿ ಬದುಕುವ, ಓಡಿ ಪ್ರಾಣ ಉಳಿಸಿಕೊಳ್ಳುವ ಪ್ರಾಣಿಯಾದ್ದರಿಂದ ನೋವನ್ನು ಮುಚ್ಚಿಡುವುದೇ ಅದರ ಗುಣ. ನಂಬಿದ ಸವಾರ ಹೋಗು ಎಂದರೆ ಅದು ಹೋಗುತ್ತದೆ. ಹೀಗಾಗಿ ನಿಯಮಗಳೇ ಕುದುರೆಯ ಪರವಾಗಿ ಮಾತಾಡಬೇಕು. ದೊಡ್ಡ ಸ್ಪರ್ಧೆಗಳಲ್ಲಿ ಕೊನೆಯ ಜಿಗಿತಕ್ಕೆ ಮುಂಚೆ ಕುದುರೆಯನ್ನು ಜೀನಿಲ್ಲದೆ ನಡೆಸಿ, ಓಡಿಸಿ ಪರೀಕ್ಷಿಸುತ್ತಾರೆ, ಕುಂಟುತ್ತಿದ್ದರೆ ಆಡಲು ಬಿಡುವುದಿಲ್ಲ. ಬಳಲಿದ ಕುದುರೆಯನ್ನು ಒತ್ತಾಯಿಸಿ ಓಡಿಸುವುದು ಶಿಕ್ಷಾರ್ಹ. ಜೋರಾಗಿ ಬಡಿದಾಗ ಕಳಚಿಕೊಂಡು ಬೇಲಿಯನ್ನು ಬೀಳಿಸುವ ಪಿನ್ನುಗಳನ್ನು ಈಗ ಹಲವು ಗಟ್ಟಿ ತಡೆಗಳಿಗೂ ಅಳವಡಿಸುತ್ತಾರೆ. ಅದು ಕಳಚಿದರೆ ಸವಾರನಿಗೆ 11 ಅಂಕ ದಂಡ, ಆದರೆ ಕುದುರೆಯ ಜೀವ ಉಳಿದೀತು.

ಇಷ್ಟಾದರೂ ಎಲ್ಲ ನಿಯಮಗಳ ಕೊನೆಯಲ್ಲಿ ಉಳಿಯುವುದು ಲಗಾಮು ಹಿಡಿದ ಎರಡು ಕೈ. ಆದರ್ಶ ಸಮಯ ಮೀರುತ್ತಿದೆ, ಪಟ್ಟಿಯಲ್ಲಿ ಸ್ಥಾನ ಜಾರುತ್ತಿದೆ, ಕುದುರೆಯ ಉಸಿರಿನ ತಾಳ ಮಾತ್ರ ಯಾಕೋ ಸರಿಯಿಲ್ಲ. ಆಗ ಲಗಾಮು ಎಳೆದು ಅಂಗಳದಿಂದ ನಡೆಸಿಕೊಂಡು ಹೊರಬರುವ ಸವಾರನಿಗೆ ಪದಕವಿಲ್ಲ, ಫಲಿತಾಂಶದ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ‘ನಿವೃತ್ತ’ ಎಂದಷ್ಟೇ ಇರುತ್ತದೆ. ಆದರೆ ಸಂಜೆ ಲಾಯದಲ್ಲಿ ಆ ಕುದುರೆ ಎಂದಿನಂತೆ ಹುಲ್ಲಿಗೆ ಬಾಯಿ ಹಾಕಿರುತ್ತದೆ. ಮುಂದಿನ ಸ್ಪರ್ಧೆಯಲ್ಲಿ ಆಳ ತಿಳಿಯದ ನೀರಿಗೆ ಅವನನ್ನು ನಂಬಿ ಧುಮುಕುವುದೂ ಅದೇ ಕುದುರೆ.