ಮಗುವಿಗೆ ಯಾರ ಹೆಸರು?

ಶಾಲೆ ತೆರೆಯುವ ದಿನಗಳಲ್ಲಿ ಯಾವ ಊರಿಗೆ ಹೋದರೂ ಈ ನೋಟ ನಿಮಗೆ ಕಾಣುತ್ತದೆ. ಗುಮಾಸ್ತರು ದಾಖಲಾತಿಯ ಪುಸ್ತಕ ತೆರೆದು ಕೇಳುತ್ತಾರೆ: “ಮಗುವಿನ ಹೆಸರು? ತಂದೆಯ ಹೆಸರು? ಇನಿಷಿಯಲ್ ಏನು?” ನಮ್ಮಲ್ಲಿ ಹೆಚ್ಚಿನವರು ಯೋಚಿಸದೆ ಉತ್ತರ ಹೇಳಿ ಮುಂದೆ ಸಾಗುತ್ತೇವೆ. ಆದರೆ ಸಾಲಿನಲ್ಲಿ ನಿಂತಾಕೆ ಮದುವೆಯಾಗದ ತಾಯಿಯಾಗಿದ್ದರೆ? ಎರಡನೆಯ ಪ್ರಶ್ನೆ ಬಂದೊಡನೆ ಹಿಂದೆ ನಿಂತವರ ಕಿವಿಗಳೆಲ್ಲ ನಿಮಿರುತ್ತವೆ. ಆಕೆ ತಲೆ ತಗ್ಗಿಸಬೇಕೆ? ಇಲ್ಲವೆ, ತನ್ನ ಹೆಸರನ್ನೇ ಹೇಳಬಹುದೆ? ಕಾನೂನು ಏನೆನ್ನುತ್ತದೆಂಬುದನ್ನು ಸ್ವಲ್ಪ ವಿಚಾರಮಾಡೋಣ.

ಮೊದಲು ನಮ್ಮ ರೂಢಿಯನ್ನೇ ನೋಡಿ. ಹಳೆಯ ಮೈಸೂರಿನ ಕಡೆ ಹೆಸರಿನೊಡನೆ ಊರಿನದೊಂದು, ತಂದೆಯದೊಂದು ಅಕ್ಷರ ಸೇರುತ್ತದೆ. ಧಾರವಾಡದ ಕಡೆ ಪಾಟೀಲ, ಕುಲಕರ್ಣಿ ಎಂಬಂಥ ಅಡ್ಡಹೆಸರುಗಳು. ತುಳುನಾಡಿನ ಅಳಿಯಸಂತಾನದ ಕುಟುಂಬಗಳಲ್ಲಂತೂ ಬಳಿ ಇಳಿದುಬರುವುದೇ ತಾಯಿಯಿಂದ. ಮಗುವಿನ ಹೆಸರಿಗೆ ತಂದೆಯ ಹೆಸರು ಸೇರಬೇಕೆಂಬುದು ಬಹುಮಟ್ಟಿಗೆ ರೂಢಿಯ ಮಾತೇ ಹೊರತು ಕಾನೂನಿನ ಕಟ್ಟಳೆಯಲ್ಲ.

ಮಗು ಚಿಕ್ಕದಿರುವಾಗ ಅದರ ಪರವಾಗಿ ನಿರ್ಧರಿಸುವವರು ಅದರ ಪಾಲಕರು. 1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪಾಲಕತ್ವದ ಕಾಯಿದೆಯ 6ನೆಯ ಪ್ರಕರಣ ಮದುವೆಯಿಲ್ಲದೆ ಹುಟ್ಟಿದ ಮಗುವಿನ ಸಹಜ ಪಾಲಕಳು ತಾಯಿ, ಆಕೆಯ ಅನಂತರವೇ ತಂದೆ ಎನ್ನುತ್ತದೆ. ಅಂದಮೇಲೆ ಹೆಸರಿನ ವಿಷಯದಲ್ಲಿಯೂ ಮೊದಲ ಮಾತು ತಾಯಿಯದೇ ಎಂಬುದು ಸಹಜವಾಗಿ ಹೊಳೆಯುತ್ತದೆ.

ಆದರೆ ಪುಸ್ತಕದಲ್ಲಿರುವ ಹಕ್ಕು ಕಚೇರಿಯ ಕಿಟಕಿಯವರೆಗೆ ಬರುವುದು ತಡವಾಗಿಯೇ. ದೆಹಲಿಯ ಅವಿವಾಹಿತ ಕ್ರೈಸ್ತ ತಾಯಿಯೊಬ್ಬಳು ತನ್ನ ಉಳಿತಾಯಕ್ಕೂ ವಿಮೆಗೂ ಮಗನನ್ನು ನಾಮನಿರ್ದೇಶನ ಮಾಡಹೊರಟಳು. ತಂದೆಯ ಹೆಸರು ತಿಳಿಸು, ಇಲ್ಲವೆ ನ್ಯಾಯಾಲಯದಿಂದ ಪಾಲಕತ್ವದ ಪತ್ರ ತಾ ಎಂದರು. ನ್ಯಾಯಾಲಯಕ್ಕೆ ಹೋದರೆ ಅಲ್ಲಿಯೂ ತಂದೆಗೆ ನೋಟೀಸು ಕೊಡಬೇಕೆಂಬ ಮಾತೇ. ಕೊನೆಗೆ 2015ರ ಜುಲೈ 6ರಂದು ಸರ್ವೋಚ್ಚ ನ್ಯಾಯಾಲಯ ಆಕೆಯ ಪರವಾಗಿ ತೀರ್ಪಿತ್ತಿತು. ತಂದೆಯ ಹೆಸರು ಹೇಳೆಂದು ಆಕೆಯನ್ನು ಬಲವಂತಪಡಿಸುವಂತಿಲ್ಲ. ಅವಿವಾಹಿತ ತಾಯಿ ಪ್ರಮಾಣಪತ್ರ ಸಲ್ಲಿಸಿ ಕೇಳಿದರೆ, ನ್ಯಾಯಾಲಯದ ಬೇರೆ ಆಜ್ಞೆ ಇಲ್ಲದಿದ್ದಲ್ಲಿ, ಮಗುವಿನ ಜನನಪತ್ರವನ್ನು ಕೊಡಲೇಬೇಕು ಎಂದಿತು. 2022ರಲ್ಲಿ ಕೇರಳದ ಉಚ್ಚ ನ್ಯಾಯಾಲಯವೂ ಅವಿವಾಹಿತ ತಾಯಿಯ ಮಗನೊಬ್ಬನ ಜನನಪತ್ರದಲ್ಲಿ ತಂದೆಯ ಹೆಸರು ತೆಗೆದು, ತಾಯಿಯ ಹೆಸರೊಂದನ್ನೇ ಉಳಿಸಲು ಒಪ್ಪಿತು. ಪಾಸ್‌ಪೋರ್ಟಿಗೂ ತಂದೆತಾಯಿಗಳಲ್ಲಿ ಒಬ್ಬರ ಹೆಸರು ಸಾಕೆಂದು 2016ರಲ್ಲಿಯೇ ನಿಯಮ ಸಡಿಲವಾಯಿತು.

ಹಾಗೆಂದು ತಂದೆಗೆ ಸ್ಥಾನವೇ ಇಲ್ಲವೆಂದು ತಿಳಿಯಬೇಡಿ. ಇಬ್ಬರೂ ಒಪ್ಪಿ ಅವನ ಹೆಸರನ್ನೇ ಸೇರಿಸಿದರೆ ಅಡ್ಡಿಯೇನು? ಒಪ್ಪದೆ ವ್ಯಾಜ್ಯವಾದರೆ ಅವನೂ ನ್ಯಾಯಾಲಯದ ಬಾಗಿಲು ತಟ್ಟಬಹುದು. ಅಲ್ಲಿ ತೂಗುವುದು ಮಗುವಿನ ಹಿತವನ್ನು; ತಂದೆತಾಯಿಗಳ ಹಠವನ್ನಲ್ಲ.

ಇನ್ನೊಂದು ಭಯ ಅನೇಕ ತಾಯಂದಿರನ್ನು ಕಾಡುತ್ತದೆ: ತಂದೆಯ ಹೆಸರು ಸೇರಿಸದಿದ್ದರೆ ಮಗುವಿನ ಅನ್ನದ ಹಕ್ಕು ತಪ್ಪೀತೆ? ಇಲ್ಲ. 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಪ್ರಕರಣದಂತೆ ಮಗು ಔರಸವಾಗಿರಲಿ, ಅನೌರಸವಾಗಿರಲಿ, ಶಕ್ತನಾದ ತಂದೆ ಅದರ ಜೀವನಾಂಶ ಕೊಡಬೇಕು. ತಂದೆ ಯಾರೆಂಬುದನ್ನು ಆಗ ರುಜುವಾತುಪಡಿಸಬೇಕಾದೀತು, ನಿಜ. ಆದರೆ ಹೆಸರು ಬೇರೆ, ಹೊಣೆ ಬೇರೆ. ಹೆಸರಿನಲ್ಲಿ ಅವನಿಲ್ಲವೆಂದು ಅವನ ಹೊಣೆ ಹರಿಯುವುದಿಲ್ಲ.

ಕ್ರಮವನ್ನೂ ನೆನಪಿಡಿ. ಜನನವನ್ನು 21 ದಿನಗಳೊಳಗೆ ತಿಳಿಸಬೇಕು. ಹೆಸರು ಇನ್ನೂ ನಿಶ್ಚಯವಾಗಿಲ್ಲವೆಂದು ನೋಂದಣಿಯನ್ನು ತಡೆಹಿಡಿಯಬೇಕಾಗಿಲ್ಲ. ನೋಂದಣಿಯಾದ 12 ತಿಂಗಳೊಳಗೆ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು; ಆಮೇಲೆ 15 ವರ್ಷಗಳವರೆಗೆ ತಡದ ಶುಲ್ಕ ಕೊಟ್ಟು ಸೇರಿಸಬಹುದು. ಆತುರದಲ್ಲಿ, ಯಾರದೋ ಒತ್ತಾಯಕ್ಕೆ, ಇಲ್ಲದ ಹೆಸರೊಂದನ್ನು ಬರೆಸುವುದು ಮಾತ್ರ ಬೇಡ. ಮುಂದೆ ಅದನ್ನು ತಿದ್ದಿಸಲು ಅಲೆದಾಡಬೇಕಾದವರು ಆ ಮಕ್ಕಳೇ.

ಛಾಂದೋಗ್ಯದ ಸತ್ಯಕಾಮನ ಕಥೆ ನಿಮಗೆ ಗೊತ್ತೇ ಇದೆ. ಗುರು ಗೋತ್ರ ಕೇಳಿದಾಗ ಹುಡುಗ, ತನ್ನ ಗೋತ್ರ ತಾಯಿಗೂ ತಿಳಿಯದು, ತಾಯಿಯ ಹೆಸರು ಜಬಾಲೆ, ಆದ್ದರಿಂದ ತಾನು ಸತ್ಯಕಾಮ ಜಾಬಾಲ ಎಂದ. ಗುರು ಅವನನ್ನು ಹೊರಗೆ ನಿಲ್ಲಿಸಲಿಲ್ಲ. ಅವನು ಆಡಿದ ನಿಜಕ್ಕೆ ಮೆಚ್ಚಿ ಶಿಷ್ಯನನ್ನಾಗಿ ಮಾಡಿಕೊಂಡ. ಅಂಥ ಗುರುಗಳಾಗುವುದು ಕಷ್ಟವೇನಲ್ಲ. ನಿಮ್ಮಲ್ಲಿ ಯಾರಾದರೂ ಶಾಲೆಯಲ್ಲಿಯೋ ಕಚೇರಿಯಲ್ಲಿಯೋ ಆ ಪುಸ್ತಕದ ಮುಂದೆ ಕುಳಿತುಕೊಳ್ಳುವವರಿದ್ದರೆ, ನಾಳೆ “ತಂದೆಯ ಹೆಸರು?” ಎನ್ನುವ ಬದಲು “ಪಾಲಕರ ಹೆಸರು?” ಎಂದು ಕೇಳಿ. ಅಷ್ಟರಿಂದಲೇ ಸಾಲಿನಲ್ಲಿ ನಿಂತ ಒಬ್ಬ ತಾಯಿ ತಲೆಯೆತ್ತಿ ಉತ್ತರ ಹೇಳಬಲ್ಲಳು.