ರೆಡ್ ಆಕ್ಸೈಡ್ ನೆಲಕ್ಕೆ ಕಾರ್ಪೆಟ್ ಟೈಲ್ ಹಾಸ್ತೀರಾ?

ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳು ಆಫೀಸು, ಕೆಫೆ ಆಗ್ತಿವೆ. ಅಲ್ಲಿನ ರೆಡ್ ಆಕ್ಸೈಡ್ ನೆಲದ ಮೇಲೆ ಕಾರ್ಪೆಟ್ ಟೈಲ್ ಹಾಸಬಹುದು. ಆದರೆ ದಯವಿಟ್ಟು ಗಮ್ ಬಳಿಯಬೇಡಿ.

ಹಳೇ ನೆಲದಡಿ ಸಾಮಾನ್ಯವಾಗಿ ಪ್ಲಾಸ್ಟಿಕ್ ಹಾಳೆ ಇರಲ್ಲ. ಮಣ್ಣಿನ ತೇವ ಮೇಲೇರಿ ಹಾಗೇ ಆರಿಹೋಗುತ್ತೆ. ಟೈಲಿನ ಬೆನ್ನಿಗಿರೋ ಪಿವಿಸಿ, ಬಿಟುಮೆನ್ ಅದನ್ನು ತಡೆಯುತ್ತೆ. ಆಗ ತೇವ ಗೋಡೆ ಬುಡಕ್ಕೆ ಸರಿದು, ಬಿಳಿ ಉಪ್ಪು ಹೊರಬಂದು, ಸುಣ್ಣದ ಗಾರೆ ಪುಡಿಪುಡಿಯಾಗಿ ಉದುರುತ್ತೆ. ಗಮ್ ಕೆರೆಯೋಕೆ ಹೋದರೆ, ತಲೆಮಾರುಗಳು ಉಜ್ಜಿ ಉಜ್ಜಿ ತಂದ ಆ ಹೊಳಪೂ ಕಿತ್ತುಬರುತ್ತೆ.

ಮೊದಲು ತೇವ ಪರೀಕ್ಷಿಸಿ. ಫೆಲ್ಟ್ ಬೆನ್ನಿನ, 50 ಸೆಂಟಿಮೀಟರ್ ಚೌಕದ ಟೈಲ್ ಆರಿಸಿ. ಟೈಲಿಂದ ಟೈಲಿಗೆ ಮಾತ್ರ ಅಂಟೋ ಸ್ಟಿಕರ್‌ನಲ್ಲಿ ಜೋಡಿಸಿ, ನೆಲಕ್ಕೆ ಅಂಟು ತಾಗಲ್ಲ. ಮಳೆಗಾಲದಲ್ಲಿ ಒಂದೆರಡು ಟೈಲ್ ಎತ್ತಿ ನೋಡಿ. ಅಡಿಯಲ್ಲಿ ಒದ್ದೆ ಕಂಡರೆ, ಆ ಕೋಣೆಗೆ ಕಾರ್ಪೆಟ್ಟೇ ಬೇಡ.