ಹಿಮದ ಬುಡದಲ್ಲೊಂದು ತಲೆಕೆಳಗಾದ ಪುಷ್ಕರಣಿ

ನಮ್ಮ ಇಡೀ ಕರ್ನಾಟಕದಷ್ಟು ವಿಸ್ತಾರದ ಒಂದೇ ಒಂದು ಹಿಮನದಿ! ಬೀದರಿನಿಂದ ಚಾಮರಾಜನಗರದವರೆಗೆ ಬರೀ ಮಂಜುಗಡ್ಡೆ ಹಾಸಿದರೆ ಎಷ್ಟಾದೀತೋ ಅಷ್ಟು. ಪಶ್ಚಿಮ ಅಂಟಾರ್ಕ್ಟಿಕಾದ ಈ ಥ್ವೇಟ್ಸ್ ನಿಧಾನವಾಗಿ ಜಾರುತ್ತ ಅಮುಂಡ್ಸೆನ್ ಸಮುದ್ರಕ್ಕೆ ಇಳಿಯುತ್ತದೆ. ನೆಲದ ಹಿಡಿತ ತಪ್ಪಿ ಹಿಮ ತೇಲತೊಡಗುವ ಆ ಗೆರೆಯಲ್ಲಿ ನಡೆಯುವುದೇನು? ಕಣ್ಣಾರೆ ಕಂಡವರೇ ಇರಲಿಲ್ಲ.

2020ರ ಜನವರಿಯಲ್ಲಿ ವಿಜ್ಞಾನಿಗಳು ಬಿಸಿನೀರು ಹಾಯಿಸಿ, ಸುಮಾರು 600 ಮೀಟರ್ ದಪ್ಪದ ಹಿಮವನ್ನು ತಳದವರೆಗೂ ಕೊರೆದರು. ಆ ಸಪೂರ ತೂತಿನೊಳಗೆ ಇಳಿದದ್ದು ಐಸ್‌ಫಿನ್, ಮೂರೂವರೆ ಮೀಟರ್ ಉದ್ದದ ರೋಬೋ. ವಿಜ್ಞಾನಿ ಬ್ರಿಟ್ನಿ ಶ್ಮಿಟ್ ಮತ್ತವರ ತಂಡ ಪರದೆಯ ಮೇಲೆ ಕಂಡದ್ದಾದರೂ ಏನು! ಹಿಮದ ತಳದಲ್ಲಿ ಬಿರುಕುಗಳು, ಕಡಿದಾದ ಗೋಡೆಗಳು, ಒಂದರ ಮೇಲೊಂದು ಮೆಟ್ಟಿಲುಗಳು. ಹಂಪಿಯ ಪುಷ್ಕರಣಿಯನ್ನು ಬುಡಮೇಲು ಮಾಡಿ ಕಗ್ಗತ್ತಲೆಯ ಕಡಲ ಮೇಲೆ ಕವುಚಿದಂತೆ!

ಈ ಮೆಟ್ಟಿಲುಗಳನ್ನು ಕಡೆದ ಶಿಲ್ಪಿ ಕಡಲೇ. ಅಂಟಾರ್ಕ್ಟಿಕಾವನ್ನು ಸುತ್ತುವ ಆಳದ ಬೆಚ್ಚನೆಯ ಉಪ್ಪುನೀರು, ಗಾಳಿ ಒತ್ತಿದಾಗ ಕಡಲತಳದ ಕಣಿವೆಗಳ ಹಾದಿ ಹಿಡಿದು ಹಿಮದ ಬುಡಕ್ಕೆ ನುಗ್ಗುತ್ತದೆ. ಬೆಚ್ಚನೆ ಎಂದರೆ ನಮ್ಮ ಕೈಗಲ್ಲ, ಹಿಮಕ್ಕೆ. ಆ ಆಳದ ಒತ್ತಡದಲ್ಲಿ ಉಪ್ಪುನೀರು ಹೆಪ್ಪುಗಟ್ಟಲು ಸೊನ್ನೆಗಿಂತ ಎರಡು ಡಿಗ್ರಿಗೂ ಕೆಳಗಿಳಿಯಬೇಕು. ಅಲ್ಲಿನ ನೀರು ಅದಕ್ಕಿಂತ ಒಂದೂವರೆ ಡಿಗ್ರಿ ಬಿಸಿ. ಕರಗಿಸಲು ಅಷ್ಟು ಸಾಕು!

ಆದರೂ ಹಿಮದ ತಳ ಚಪ್ಪಟೆಯಾಗಿರುವಲ್ಲಿ ಕರಗುವಿಕೆ ಲೆಕ್ಕ ಹಾಕಿದ್ದಕ್ಕಿಂತ ನಿಧಾನ, ವರ್ಷಕ್ಕೆ ಐದು ಮೀಟರಿನ ಆಸುಪಾಸು. ಕರಗಿದ ಸಿಹಿನೀರು ಹಗುರ. ಅದು ಹಿಮಕ್ಕೆ ಅಂಟಿಕೊಂಡೇ ನಿಂತು, ಕೆಳಗಿನ ಬಿಸಿಯನ್ನು ತಡೆಯುತ್ತದೆ. ತನ್ನನ್ನು ಕರಗಿಸುವ ಕಡಲಿನಿಂದ ಹಿಮವನ್ನು ಕಾಯುವುದು ಅದರದೇ ಕರಗಿದ ನೀರು! ಮೆಟ್ಟಿಲಿನ ಗೋಡೆಗಳಲ್ಲಿ ಮಾತ್ರ ಈ ಪದರ ನಿಲ್ಲದೆ ಮೇಲಕ್ಕೆ ಜಾರಿಹೋಗುತ್ತದೆ. ಅಲ್ಲಿ ಕಡಲು ಹಿಮವನ್ನು ಹಲವು ಪಟ್ಟು ವೇಗದಲ್ಲಿ ಅಡ್ಡಡ್ಡ ತಿನ್ನುತ್ತದೆ. 2023ರ ಫೆಬ್ರವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ನನ್ನನ್ನು ಹೆಚ್ಚು ಕಾಡಿದ್ದು ಆ ನಿಧಾನಗತಿ. ತಳ ಇಷ್ಟು ಮೆಲ್ಲಗೆ ಕರಗುತ್ತಿದ್ದರೂ, 1990ರ ದಶಕದ ಕೊನೆಯಿಂದೀಚೆಗೆ ನೆಲ ಬಿಡುವ ಗೆರೆ ಅಲ್ಲಿ 14 ಕಿಲೋಮೀಟರ್ ಹಿಂದೆ ಸರಿದಿದೆ.

ಬೆರಗು ಇಲ್ಲಿಗೇ ಮುಗಿಯುವುದಿಲ್ಲ. ಇಷ್ಟು ಭಾರದ ಹಿಮರಾಶಿ ತನ್ನ ಗುರುತ್ವದಿಂದ ಸುತ್ತಲಿನ ಕಡಲನ್ನು ತನ್ನತ್ತ ಎಳೆದುಕೊಂಡಿರುತ್ತದೆ. ಹಿಮ ಕರಗಿತೋ, ಎಳೆತ ಸಡಿಲಾಗುತ್ತದೆ. ಹಿಮದ ಪಕ್ಕದ ಕಡಲಮಟ್ಟ ಇಳಿಯುತ್ತದೆ, ಹೌದು, ಇಳಿಯುತ್ತದೆ! ಆ ನೀರೆಲ್ಲ ದೂರದ ತೀರಗಳತ್ತ ಸರಿಯುತ್ತದೆ. ಥ್ವೇಟ್ಸ್ ಪೂರ್ತಿ ಕರಗಲು ಶತಮಾನಗಳೇ ಬೇಕು. ಕರಗಿದರೆ ಜಗತ್ತಿನ ಕಡಲಮಟ್ಟ ಸರಾಸರಿ 65 ಸೆಂಟಿಮೀಟರಿನಷ್ಟು ಏರುತ್ತದೆ. ಪಶ್ಚಿಮ ಅಂಟಾರ್ಕ್ಟಿಕಾದ ಹಿಮ ಕರಗಿದಾಗ ಸರಾಸರಿಯನ್ನೂ ಮೀರಿ ನೀರೇರುವ ಕಡಲುಗಳಲ್ಲಿ ಹಿಂದೂ ಮಹಾಸಾಗರವೂ ಒಂದು. ಕಾರವಾರ, ಮಲ್ಪೆ, ಮಂಗಳೂರಿನ ದಕ್ಕೆಗಳು ಇರುವುದು ಅದರ ದಂಡೆಯ ಮೇಲೆಯೇ.